ಹಾಡಿನ ಮಾಲೀಕರಿಗೆ ಹಳೇ ಕ್ಯಾಸೆಟ್ ಕಳ್ಳನೊಬ್ಬನ ಪತ್ರ

ಕನ್ನಡ ಚಿತ್ರಗೀತೆಗಳ ಹಕ್ಕು ಕೈಯಲ್ಲಿಟ್ಟುಕೊಂಡಿರುವ ಆಡಿಯೋ ಕಂಪನಿಗಳ ಮಾಲೀಕರಿಗೆ, ಆ ಹಾಡುಗಳನ್ನು ಮೊಬೈಲಿನಲ್ಲಿ ಕೇಳಿಸುವ ಆ್ಯಪ್‌ಗಳ ಯಜಮಾನರಿಗೆ ನಮಸ್ಕಾರ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ನಿಮ್ಮ ಹಳೇ ಕಳ್ಳ. 1986ರಿಂದ 2003ರವರೆಗೆ ಸಕಲೇಶಪುರದ ಬಸ್‌ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ ಇಟ್ಟಿದ್ದೆ. ಈಗಿನ ಹುಡುಗರಿಗೆ ಇದು ಅರ್ಥ ಆಗಲಿಕ್ಕಿಲ್ಲ. ಗಿರಾಕಿ ಒಂದು ಚೀಟಿಯಲ್ಲಿ ತನಗೆ ಬೇಕಾದ ಹಾಡುಗಳ ಪಟ್ಟಿ ಬರೆದು ತರುತ್ತಿದ್ದ. ನಾನು ನನ್ನ ಹತ್ತಿರ ಇದ್ದ ರೆಕಾರ್ಡು, ಕ್ಯಾಸೆಟ್ಟುಗಳಿಂದ ಅವನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತಿದ್ದೆ. ಹಾಡಿಗೆ ಒಂದು ರೂಪಾಯಿ, ಕ್ಯಾಸೆಟ್ಟಿನ ದುಡ್ಡು ಬೇರೆ. ನಿಮಗೆ ಒಂದು ಪೈಸೆ ಕೊಟ್ಟಿಲ್ಲ. ಕೊಡಬೇಕು ಅಂತ ಅನ್ನಿಸಿದ್ದೂ ಇಲ್ಲ. ಅದು ತಪ್ಪು, ಕಾಯಿದೆ ಪ್ರಕಾರವೂ ತಪ್ಪು.

ಕದ್ದವನೇ ಬಂದು ಬುದ್ಧಿ ಹೇಳುತ್ತಿದ್ದಾನಲ್ಲ ಅಂತ ನಗಬೇಡಿ. ಅಂಗಡಿಯಲ್ಲಿ ಕೂತು ಕಲಿತ ಒಂದು ವಿಷಯ ಇದೆ. ಅದನ್ನು ಹೇಳಿ ಎದ್ದು ಹೋಗುತ್ತೇನೆ.

ಅಂಗಡಿ ಅಂದರೆ ಎಂಟಡಿ ಉದ್ದ, ಆರಡಿ ಅಗಲದ ಗೂಡು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸುವ ಡಬಲ್ ಡೆಕ್ಕು, ಒಂದು ರೆಕಾರ್ಡ್ ಪ್ಲೇಯರ್ರು, ಟೇಪು ಓದುವ ಹೆಡ್ ಒರೆಸೋಕೆ ಸ್ಪಿರಿಟ್ಟು ಮತ್ತು ಹತ್ತಿ, ಸಡಿಲವಾದ ಟೇಪು ಸುತ್ತೋಕೆ ಒಂದು ಪೆನ್ಸಿಲ್ಲು. ಸಂತೆಯ ದಿನ ಎಸ್ಟೇಟುಗಳಿಂದ ಜನ ಬರುತ್ತಿದ್ದರು. ರೈಟರುಗಳು, ಜೀಪ್ ಡ್ರೈವರುಗಳು, ಮದುವೆ ಗೊತ್ತಾದ ಹುಡುಗರು. ಎಲ್ಲರಿಗೂ ಹಾಡಿನ ಮೊದಲ ಸಾಲು ನೆನಪಿರುತ್ತಿರಲಿಲ್ಲ. ‘ಅಣ್ಣಾ, ಶಂಕರ್‌ನಾಗ್‌ದು, ಆ ಗುಲಾಬಿ ಹೂವಿಂದು’ ಅಂದರೆ ‘ಆಟೋ ರಾಜ’. ‘ಭಾರತಿ ಇದಾರಲ್ಲ, ಬೇಸಾಯದ್ದು’ ಅಂದರೆ ‘ಬಂಗಾರದ ಮನುಷ್ಯ’. ಒಬ್ಬ ಒಂದು ಗಂಟೆ ನಿಂತು ಬರೀ ಹೂಂಕಾರದಲ್ಲಿ ಟ್ಯೂನ್ ಹಾಡಿ ತೋರಿಸಿದ್ದ. ಅದು ಯಾವ ಹಾಡು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಕಡೆ ಮೂವತ್ತು ನಿಮಿಷ. ನಾಲ್ಕು ನಿಮಿಷದ ಹಾಡು ಏಳು ಹಿಡಿಯುತ್ತವೆ, ಎರಡು ನಿಮಿಷ ಉಳಿಯುತ್ತದೆ. ಆ ಎರಡು ನಿಮಿಷದಲ್ಲಿ ಎಂಟನೇ ಹಾಡು ಶುರುಮಾಡಿ ಅರ್ಧಕ್ಕೆ ಕತ್ತರಿಸುವುದು ಕೆಟ್ಟ ಅಂಗಡಿಯವನ ಲಕ್ಷಣ. ಕೊಳಲಿನದೋ ಗಿಟಾರಿನದೋ ಸಣ್ಣ ತುಣುಕು ಹಾಕಿ ಮುಗಿಸುವುದು ನನ್ನ ಪದ್ಧತಿ. ಎಲ್ಲಾ ಆದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದುಕೊಡುತ್ತಿದ್ದೆ, ಯಾರೂ ಅಪ್ಪಿತಪ್ಪಿ ಅದರ ಮೇಲೆ ಮತ್ತೊಂದು ರೆಕಾರ್ಡ್ ಮಾಡದಿರಲಿ ಅಂತ.

ಕೊನೆಗೆ ಡಬ್ಬಿಯೊಳಗಿನ ಕಾರ್ಡು. ಶುರುವಿನಲ್ಲಿ ನಾನು ಅದರ ಮೇಲೆ ಹಾಡಿನ ಮೊದಲ ಸಾಲು, ಸಿನಿಮಾ ಹೆಸರು ಅಷ್ಟೇ ಬರೆಯುತ್ತಿದ್ದೆ. ಒಂದು ದಿನ ರಿಟೈರ್ ಆದ ಮೇಷ್ಟ್ರೊಬ್ಬರು ಕ್ಯಾಸೆಟ್ ವಾಪಸ್ ತಂದು ಮೇಜಿನ ಮೇಲಿಟ್ಟರು. ಹಾಡು ಸರಿಯಾಗಿ ಬಂದಿಲ್ವಾ ಸಾರ್ ಅಂದೆ. ‘ಹಾಡು ಚೆನ್ನಾಗೇ ಬಂದಿದೆ ಕಣಯ್ಯಾ. ಬರೆದವರ ಹೆಸರು ಎಲ್ಲಿ? ಅಪ್ಪನ ಹೆಸರಿಲ್ಲದ ಟಿ.ಸಿ. ಕೊಟ್ಟ ಹಾಗಿದೆ ನೀನು ಕೊಟ್ಟಿರೋದು’ ಅಂದರು. ನಾಚಿಕೆ ಆಯಿತು. ಅವತ್ತಿನಿಂದ ಬರೆಯೋಕೆ ಶುರುಮಾಡಿದೆ. ಹಾಡು, ಚಿತ್ರ, ಇಸವಿ, ಸಾಹಿತ್ಯ, ಸಂಗೀತ, ಹಾಡಿದವರು. ಪುಟ್ಟ ಕಾರ್ಡಿನಲ್ಲಿ ಹದಿನಾಲ್ಕು ಹಾಡಿಗೆ ಇಷ್ಟೆಲ್ಲಾ ಹಿಡಿಸಬೇಕು ಅಂದರೆ ಇರುವೆ ಅಕ್ಷರ ಬರೆಯಬೇಕಿತ್ತು. ‘ಪ್ರೇಮಲೋಕ’ ಬಂದಾಗ ಮಾತ್ರ ಆರಾಮ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ, ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತಿತ್ತು.

ಹೆಸರುಗಳು ಎಲ್ಲಿಂದ ಸಿಗುತ್ತಿದ್ದವು ಅಂತೀರಾ? ರೆಕಾರ್ಡಿನ ನಡುವಿನ ದುಂಡು ಚೀಟಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತಿದ್ದವು. ಅಲ್ಲಿ ಇಲ್ಲದಿದ್ದರೆ ಪದ್ಯದ ಪುಸ್ತಕ. ಟೆಂಟಿನಲ್ಲಿ, ಟಾಕೀಸಿನಲ್ಲಿ ಮಾರುತ್ತಿದ್ದರಲ್ಲ, ತೆಳುವಾದ ಬಣ್ಣದ ಕಾಗದದ್ದು. ಒಂದು ಪುಟ ಕಥಾಸಾರ, ಕೊನೆಯಲ್ಲಿ ‘ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’, ಆಮೇಲೆ ಹಾಡುಗಳು. ಅದರಲ್ಲೂ ಸಿಗದಿದ್ದರೆ ರೇಡಿಯೋ. ಕೋರಿಕೆ ಕಾರ್ಯಕ್ರಮದಲ್ಲಿ ಹಾಡು ಕೇಳಿದವರ ಊರು, ಹೆಸರು ಎಲ್ಲಾ ಓದಿದ ಮೇಲೆ ಉದ್ಘೋಷಕರು ಒಂದು ಸಾಲು ಹೇಳುತ್ತಿದ್ದರು: ಚಿತ್ರ ‘ಎರಡು ಕನಸು’, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್–ನಾಗೇಂದ್ರ, ಹಾಡಿದವರು ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ. ನಾನು ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ. ಹದಿನೇಳು ವರ್ಷಕ್ಕೆ ಅಂಥ ಹನ್ನೊಂದು ನೋಟ್‌ಬುಕ್ ತುಂಬಿದವು.

ಕದ್ದ ಹಾಡಿಗೆ ನಾನು ಇಷ್ಟು ಮಾಡುತ್ತಿದ್ದೆ. ಈಗ ಸ್ವಂತ ಹಾಡಿಗೆ ನೀವು ಏನು ಮಾಡಿದ್ದೀರಿ ನೋಡೋಣ.

ಹೋದ ತಿಂಗಳು ಮೊಬೈಲಿನಲ್ಲಿ ‘ಎಂದೆಂದೂ ನಿನ್ನನು ಮರೆತು’ ಹುಡುಕಿದೆ. ಸಿಕ್ಕಿತು. ಯಾವುದೋ ‘ಎವರ್‌ಗ್ರೀನ್’ ಸಂಗ್ರಹದೊಳಗೆ ಇತ್ತು. ಹಾಡಿದವರ ಜಾಗದಲ್ಲಿ ರಾಜ್‌ಕುಮಾರ್ ಹೆಸರು. ಬರೆದವರ ಜಾಗವೇ ಇಲ್ಲ. ಇಸವಿ ಇತ್ತು, ಆದರೆ ಅದು ಸಂಗ್ರಹವನ್ನು ಆ್ಯಪಿಗೆ ಏರಿಸಿದ ಇಸವಿ. ಈ ಹಾಡಿರುವ ‘ಎರಡು ಕನಸು’ ಸಿನಿಮಾ ಬಂದಿದ್ದು 1974ರಲ್ಲಿ. ಅಂದರೆ ನಿಮ್ಮ ಲೆಕ್ಕದಲ್ಲಿ ಅಣ್ಣಾವ್ರು ತೀರಿಕೊಂಡು ಆರೇಳು ವರ್ಷ ಆದ ಮೇಲೆ ಈ ಹಾಡು ಹಾಡಿದ್ದಾರೆ.

ಇದು ಸಣ್ಣ ತಪ್ಪಲ್ಲ. ಇಪ್ಪತ್ತು ವರ್ಷದಷ್ಟು ಕಾಲ ರಾಜ್‌ಕುಮಾರ್ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿ ಕೊಟ್ಟರು. ಎರಡೂ ಎಷ್ಟು ಹೊಂದಿಕೊಂಡಿದ್ದವು ಅಂದರೆ ಜನಕ್ಕೆ ಬೇರೆ ಅನ್ನಿಸುತ್ತಲೇ ಇರಲಿಲ್ಲ. ಮಧ್ಯೆ ಒಂದೆರಡು ಕಡೆ ಅಣ್ಣಾವ್ರು ತಾವೇ ಹಾಡಿದ್ದು ಇದೆ, 1956ರ ‘ಓಹಿಲೇಶ್ವರ’ದಲ್ಲಿ ಹಾಡಿದ ಹಾಗೆ. ಆದರೆ ಅವರು ಪೂರ್ತಿ ಹಾಡುಗಾರರಾಗಿ ನಿಂತದ್ದು 1974ರಲ್ಲಿ ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ ಆದ ಮೇಲೆ. ಜಿ.ಕೆ. ವೆಂಕಟೇಶ್ ಸಂಗೀತ. ಅಂದರೆ ಅದೇ ಒಂದು ವರ್ಷದಲ್ಲಿ ಒಬ್ಬ ನಾಯಕನಿಗೆ ಎರಡು ದನಿ. ಒಂದು ದೊಡ್ಡ ತಿರುವು ಕಣ್ಣ ಮುಂದೆ ನಡೆಯುತ್ತಿದೆ. ಇಸವಿ ಮತ್ತು ಹಾಡಿದವರ ಹೆಸರು ಸರಿಯಾಗಿದ್ದರೆ ಹದಿನೈದು ವರ್ಷದ ಹುಡುಗನೂ ಎರಡು ಹಾಡು ಪಕ್ಕಪಕ್ಕ ಇಟ್ಟು ಅದನ್ನು ಕಿವಿಯಲ್ಲೇ ಕಂಡುಕೊಳ್ಳಬಹುದು. ನೀವು ಎರಡಕ್ಕೂ ಒಂದೇ ಹೆಸರು ಅಂಟಿಸಿಬಿಟ್ಟಿದ್ದೀರಿ.

ಚಿ. ಉದಯಶಂಕರ್ ಪಾಡಂತೂ ಕೇಳಲೇಬೇಡಿ. ಹೆಸರು ಹಾಕಿರುವ ಕಡೆಯೂ ಒಂದೊಂದು ಥರ. ಒಂದು ಕಡೆ ‘ಚಿ’ಗೆ ಚುಕ್ಕೆ ಇದೆ, ಒಂದು ಕಡೆ ಇಲ್ಲ. ಒಂದು ಕಡೆ ಉದಯ ಬೇರೆ, ಶಂಕರ್ ಬೇರೆ. ಒಂದು ಕಡೆ ‘ಚಿ’ಯೇ ಹಾರಿಹೋಗಿದೆ. ನಿಮ್ಮ ಕಂಪ್ಯೂಟರಿಗೆ ಇವರೆಲ್ಲ ನಾಲ್ಕು ಜನ ಬೇರೆ ಬೇರೆ ಉದಯಶಂಕರರು. ರಾಜನ್–ನಾಗೇಂದ್ರ ಅಣ್ಣತಮ್ಮಂದಿರು ಜೀವಮಾನವಿಡೀ ಜೋಡಿಯಾಗಿ ಕೆಲಸ ಮಾಡಿದರು. ಒಂದು ಆ್ಯಪಿನಲ್ಲಿ ಅವರಿಗೆ ಭಾಗ ಮಾಡಿಕೊಟ್ಟಿದ್ದಾರೆ. ‘ರಾಜನ್’ ಒತ್ತಿದರೆ ಯಾರೋ ಮಲಯಾಳದ ರಾಜನ್ ಬರುತ್ತಾರೆ. ವಿಜಯಭಾಸ್ಕರ್ ಸಂಗೀತ ನಿರ್ದೇಶಕರು, ವಿಜಯನಾರಸಿಂಹ ಕವಿ. ‘ನಾಗರಹಾವು’ ಚಿತ್ರದ ‘ಹಾವಿನ ದ್ವೇಷ’ ಒಬ್ಬರ ಸಂಗೀತ, ಇನ್ನೊಬ್ಬರ ಸಾಹಿತ್ಯ. ಇಬ್ಬರನ್ನೂ ಸೇರಿಸಿ ‘ವಿಜಯ್’ ಅಂತ ಬರೆದಿದ್ದನ್ನು ನಾನೇ ಕಂಡೆ. ಅಂಗಡಿಯಲ್ಲಿ ಈ ತಪ್ಪು ಮಾಡಿದ್ದರೆ ಮೇಷ್ಟ್ರು ಕೋಲು ತರುತ್ತಿದ್ದರು.

ಇದನ್ನೆಲ್ಲ ಹೇಳುತ್ತಿರುವುದು ಹಳೇದೇ ಚಂದ, ಹೊಸದೆಲ್ಲ ಕಸ ಅನ್ನೋಕಲ್ಲ. ನಾನು ಆ ಜಾತಿ ಅಲ್ಲ. ಹಳೇ ಕಾಲದವರೇನು ಬಹಳ ಸಾಚಾ ಅಂದುಕೊಂಡಿದ್ದೀರಾ? ಹಿಂದಿಯ ಟ್ಯೂನು ತಂದು ಕನ್ನಡದ ಮಾತು ಕೂರಿಸಿದ ಹಾಡುಗಳು ಎಷ್ಟೋ ಇವೆ. ಶರೀಫಜ್ಜನ ಪದ, ದಾಸರ ಪದ, ಹೊಲದ ಹಾಡು, ಎಲ್ಲದರಿಂದಲೂ ಸಿನಿಮಾ ತೆಗೆದುಕೊಂಡಿದೆ. ಸಿ. ಅಶ್ವಥ್ ‘ಸೋರುತಿಹುದು ಮನೆಯ ಮಾಳಿಗಿ’ ಹಾಡಿದಾಗ ನಮ್ಮೂರಿನ ಜನ ಅತ್ತಿದ್ದು ನೋಡಿದ್ದೇನೆ. 2008ರಲ್ಲಿ ರಘು ದೀಕ್ಷಿತ್ ಅದನ್ನೇ ಗಿಟಾರು, ಡ್ರಮ್ಮು ಹಾಕಿ ಹಾಡಿದಾಗ ಕಾಲೇಜು ಹುಡುಗರು ಕುಣಿದರು. ಎರಡೂ ನನಗೆ ಇಷ್ಟ. ಶರೀಫರ ಹೆಸರು ಎರಡು ಕಡೆಯೂ ಇತ್ತು, ಅದು ಮುಖ್ಯ.

ಈಗ ಹಳೇ ಹಾಡನ್ನು ನಿಧಾನ ಮಾಡಿ, ಗುಹೆಯಲ್ಲಿ ಹಾಡಿದ ಹಾಗೆ ಮಾರ್ದನಿ ಸೇರಿಸಿ ಹಾಕುತ್ತಾರಲ್ಲ, ‘ಸ್ಲೋಡ್ ಅಂಡ್ ರಿವರ್ಬ್’ ಅಂತ. ನನ್ನ ಅಕ್ಕನ ಮಗಳು ರಾತ್ರಿ ಅದನ್ನೇ ಕೇಳುತ್ತಾ ಮಲಗುತ್ತಾಳೆ. ಮೊದಲ ಸಲ ಕೇಳಿದಾಗ ನಗು ತಡೆಯಲಾಗಲಿಲ್ಲ. ನನ್ನ ಡೆಕ್ಕಿನ ಬೆಲ್ಟು ಸಡಿಲವಾದಾಗ ಹಾಡು ಥೇಟ್ ಹೀಗೇ ಬರುತ್ತಿತ್ತು. ಗಿರಾಕಿಗಳು ಬೈದು ದುಡ್ಡು ವಾಪಸ್ ಇಸಿದುಕೊಂಡು ಹೋಗುತ್ತಿದ್ದರು. ಇಪ್ಪತ್ತೈದು ವರ್ಷ ಕಾದಿದ್ದರೆ ಬೆಲ್ಟು ಬದಲಾಯಿಸುವ ಖರ್ಚೇ ಇರುತ್ತಿರಲಿಲ್ಲ. ಅದಕ್ಕೂ ಮುಂಚೆ ‘ಜಂಕಾರ್ ಬೀಟ್ಸ್’ ಕಾಲ. ಹಳೇ ಹಾಡಿನ ಮೇಲೆ ಯಂತ್ರದ ಡೋಲು ಬಡಿದು ಮಾರುತ್ತಿದ್ದರು. ನಾನೂ ಮಾರಿದ್ದೇನೆ, ಲಾರಿ ಡ್ರೈವರುಗಳಿಗೆ ಅದೇ ಬೇಕಿತ್ತು. ಹಾಗಾಗಿ ಹಾಡನ್ನು ಹೇಗೆ ಬೇಕಾದರೂ ಕುಣಿಸಲಿ ಅನ್ನುವವನೇ ನಾನು. ಯಾವ ಹಾಡನ್ನು ಕುಣಿಸುತ್ತಿದ್ದೀರಿ ಅಂತ ಹೇಳಿ, ಅಷ್ಟೇ.

ಹೇಳದಿದ್ದರೆ ಏನಾಗುತ್ತದೆ ಅಂತ ಅಕ್ಕನ ಮಗಳ ಗೆಳತಿಯ ಮದುವೆಯಲ್ಲಿ ಕಂಡೆ. ವಾದ್ಯಗೋಷ್ಠಿಯವರು ‘ಜೊತೆಯಲಿ ಜೊತೆಜೊತೆಯಲಿ’ ಶುರುಮಾಡಿದರು. ಅಕ್ಕನ ಮಗಳು ನನ್ನ ಕಡೆ ಬಾಗಿ ‘ಮಾವ, ಇದು ಚೀನಿ ಕಮ್ ಹಾಡಲ್ವಾ? ಕನ್ನಡಕ್ಕೂ ಮಾಡಿದಾರಾ?’ ಅಂದಳು. ಊಟದೆಲೆ ಮುಂದೆ ಕೂತವನಿಗೆ ಹೋಳಿಗೆ ಗಂಟಲಲ್ಲಿ ನಿಂತಿತು.

ಅದು 1981ರ ‘ಗೀತಾ’ ಚಿತ್ರದ ಹಾಡು. ನಿರ್ದೇಶನ ಶಂಕರ್‌ನಾಗ್, ನಾಯಕನೂ ಅವರೇ. ಸಂಗೀತ ಇಳಯರಾಜಾ, ಸಾಹಿತ್ಯ ಚಿ. ಉದಯಶಂಕರ್, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. 1984ರಲ್ಲಿ ಇಳಯರಾಜಾ ಅದೇ ಟ್ಯೂನನ್ನು ತಮಿಳಿಗೆ ಒಯ್ದರು. 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ತಾವೇ ಬಳಸಿದರು. ಟ್ಯೂನು ಅವರದ್ದು, ಅವರು ಒಯ್ಯಲಿ. ಅದರಲ್ಲಿ ನನಗೆ ತಕರಾರಿಲ್ಲ. ಕನ್ನಡದಲ್ಲೂ ‘ಜೊತೆ ಜೊತೆಯಲಿ’ ಅನ್ನುವ ಹೆಸರಿನಲ್ಲೇ ಒಂದು ಸಿನಿಮಾ ಬಂತು, ಒಂದು ಧಾರಾವಾಹಿ ಬಂತು. ಆ ಹಾಡು ಸತ್ತಿಲ್ಲ, ಇನ್ನೂ ಜೀವ ತುಂಬಿಕೊಂಡು ಓಡಾಡುತ್ತಿದೆ. ಹುಟ್ಟಿದ ಮನೆ ಯಾವುದು ಅಂತ ಮಾತ್ರ ಅದರ ಮೈಮೇಲೆ ಎಲ್ಲೂ ಬರೆದಿಲ್ಲ. ಬರೆಯದಿದ್ದರೆ ದೊಡ್ಡ ಊರಿನವರು ಯಾರು ಜೋರಾಗಿ ಹಾಡಿದರೋ ಅವರದ್ದಾಗುತ್ತದೆ.

ಇಳಯರಾಜಾ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ನಮ್ಮ ಹಾಡುಗಳು ದಶಕಗಟ್ಟಲೆ ರೆಕಾರ್ಡ್ ಆಗಿದ್ದು ಮದ್ರಾಸಿನಲ್ಲಿ. ಅಲ್ಲಿ ಪಿಟೀಲು, ಕೊಳಲು, ಗಿಟಾರು ನುಡಿಸಿದವರ ಹೆಸರು ರೆಕಾರ್ಡಿನ ಮೇಲೂ ಇಲ್ಲ, ಪದ್ಯದ ಪುಸ್ತಕದಲ್ಲೂ ಇಲ್ಲ, ರೇಡಿಯೋದಲ್ಲೂ ಹೇಳಲಿಲ್ಲ. ಇದು ನಿಮ್ಮ ತಪ್ಪಲ್ಲ, ಆ ಕಾಲದ್ದೇ ತಪ್ಪು. 70ರ ದಶಕದ ಮೊದಲಲ್ಲಿ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕನಾಗಿ ಕೆಲಸ ಮಾಡುತ್ತಿದ್ದ ಒಬ್ಬ ಗಿಟಾರ್ ಹುಡುಗನ ಹೆಸರೂ ಹಾಗೇ ಎಲ್ಲೂ ಬರಲಿಲ್ಲ. ಆ ಹುಡುಗನೇ ಇಳಯರಾಜಾ. ಅವರು ದೊಡ್ಡವರಾದರು, ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿ ಕೂತು ನುಡಿಸಿದವರು?

ಈಗ ಕಾಯಿದೆ ವಿಚಾರ. ನಿಮ್ಮ ವಕೀಲರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಕಳ್ಳನಿಗೂ ಕಾಯಿದೆ ಗೊತ್ತಿರುತ್ತದೆ, ಹೆದರಿಕೆ ಇತ್ತಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಒಂದು ತಿದ್ದುಪಡಿ ತಂದರು. ನನ್ನಂಥ ಅಂಗಡಿಯವರನ್ನು ಹಿಡಿಯೋಕೆ ಅಂತಲೇ ತಂದದ್ದು. ಆಗ ಸೇರಿದ್ದು 52ಎ ಅನ್ನುವ ಕಲಂ. ಯಾವುದೇ ಧ್ವನಿಮುದ್ರಣ ಮಾರುಕಟ್ಟೆಗೆ ಬಿಡುವಾಗ ಅದರ ಮೇಲೆ, ಅದರ ಡಬ್ಬಿಯ ಮೇಲೆ ಮೂರು ವಿಷಯ ಇರಬೇಕು: ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮತ್ತು ಮೊದಲು ಪ್ರಕಟವಾದ ಇಸವಿ. ಮೊದಲು, ಗಮನಿಸಿ. ಆ್ಯಪಿಗೆ ಏರಿಸಿದ ಇಸವಿ ಅಲ್ಲ. ಇದನ್ನು ಮೀರಿದರೆ ಮೂರು ವರ್ಷದವರೆಗೆ ಜೈಲು. ಆ್ಯಪಿಗೆ ಡಬ್ಬಿ ಎಲ್ಲಿದೆ ಸ್ವಾಮಿ ಅಂತ ನಿಮ್ಮ ವಕೀಲರು ಕೇಳಬಹುದು. ಕೇಳಲಿ. ನಮ್ಮನ್ನು ಹಿಡಿಯೋಕೆ ಹಾಕಿದ ಬೋನಿನೊಳಗೆ ಹಕ್ಕುದಾರರೇ ಕಾಲಿಡುವುದು ನೋಡೋಕೆ ನನಗಂತೂ ತಮಾಷೆಯಾಗಿದೆ.

ಅದೇ ಕಾಯಿದೆಯ 57ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಹಕ್ಕನ್ನು ಪೂರ್ತಿ ಬರೆದುಕೊಟ್ಟ ಮೇಲೂ ‘ಇದನ್ನು ಬರೆದವನು ನಾನು’ ಅನ್ನುವ ಹಕ್ಕು ಬರೆದವನ ಹತ್ತಿರವೇ ಉಳಿಯುತ್ತದೆ. ನೀವು ಹಾಡು ಕೊಂಡಿರಿ, ಒಪ್ಪಿದೆ. ಹೆಸರು ಕೊಂಡಿಲ್ಲ. 2012ರ ತಿದ್ದುಪಡಿ ಆದ ಮೇಲೆ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯಲ್ಲಿ ಪಾಲು ಇದೆ. ಆ ದುಡ್ಡು ಹೆಸರು ಹುಡುಕಿಕೊಂಡೇ ಹೋಗಬೇಕು. ನಾಲ್ಕು ಜನ ಉದಯಶಂಕರರಿದ್ದರೆ ಅದು ಯಾರ ಮನೆ ಬಾಗಿಲು ತಟ್ಟಬೇಕು?

ಕವರ್ ವರ್ಷನ್ ಅನ್ನುವುದು ಇನ್ನೊಂದು ಗೋಳು. ಕ್ಯಾಸೆಟ್ ಕಾಲದಲ್ಲಿ ಹೆಸರಾದ ಹಾಡುಗಳನ್ನು ಬೇರೆಯವರ ಕೈಲಿ ಕಡಿಮೆ ಖರ್ಚಿನಲ್ಲಿ ಹಾಡಿಸಿ ಮಾರುತ್ತಿದ್ದರು. ಆ ಮುದ್ರಣಗಳೂ ಈಗ ಆ್ಯಪ್ ಸೇರಿವೆ. ಮೊನ್ನೆ ‘ನಗು ನಗುತಾ ನಲಿ’ ಹಾಕಿದೆ. ಹುಣಸೂರು ಕೃಷ್ಣಮೂರ್ತಿ ಬರೆದದ್ದು, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ‘ಬಂಗಾರದ ಮನುಷ್ಯ’ದ ಚಿತ್ರವೇ ಪರದೆಯ ಮೇಲೆ ಬಂತು. ದನಿ ಮಾತ್ರ ಯಾರದೋ ಪಾಪದ ಹುಡುಗನದು, ಹಿಂದೆ ಕೀಬೋರ್ಡು. ಅವನೂ ಶ್ರದ್ಧೆಯಿಂದ ಹಾಡಿದ್ದಾನೆ, ಅವನ ಹೆಸರೂ ಇಲ್ಲ. ಕಾಯಿದೆಯಲ್ಲಿ ಇದಕ್ಕೂ ದಾರಿ ಇದೆ. ಮೂಲ ಹಾಡು ಬಂದ ಐದು ವರ್ಷ ಆದ ಮೇಲೆ ಕವರ್ ಮಾಡಬಹುದು, ಆದರೆ ಮೂಲದ್ದೇ ಅನ್ನಿಸುವ ಹಾಗೆ ಹೊದಿಕೆ ಹಾಕಬಾರದು, ‘ಇದು ಕವರ್’ ಅಂತ ಸ್ಪಷ್ಟವಾಗಿ ಬರೆಯಬೇಕು. ಅಷ್ಟು ಬರೆಯೋಕೆ ನಿಮಗೆ ಏನು ಕಷ್ಟ?

ಸತ್ತವರ ದನಿಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸುವ ಕಾಲವೂ ಬಂದಾಯಿತು. ತೆಲುಗು ಸಿನಿಮಾ ಒಂದರಲ್ಲಿ ಎಸ್‌ಪಿಬಿ ದನಿ ಹೀಗೆ ಬಳಸಿದ್ದಕ್ಕೆ ಅವರ ಮನೆಯವರು ನೋಟಿಸ್ ಕೊಟ್ಟರು. ತಮಿಳಿನಲ್ಲಿ ಎ.ಆರ್. ರೆಹಮಾನ್ ಇಬ್ಬರು ತೀರಿಕೊಂಡ ಗಾಯಕರ ದನಿ ಬಳಸಿದರು. ಮನೆಯವರನ್ನು ಕೇಳಿ, ದುಡ್ಡು ಕೊಟ್ಟು, ಹೇಳಿ ಬಳಸಿದರು. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಜಾಸ್ತಿ ಬೆಳೆಸುವುದಿಲ್ಲ.

ಹೆಸರಿನ ಮಾತು ಬಿಟ್ಟು ಟೇಪಿನ ಮಾತಿಗೆ ಬರುತ್ತೇನೆ. ನನಗೆ ನಿದ್ದೆ ಬರದ ಹಾಗೆ ಮಾಡುವುದು ಇದೇ.

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’. 1934ರ ಮಾರ್ಚ್‌ನಲ್ಲಿ ಬಂತು. ಅದರ ಒಂದು ಪ್ರಿಂಟೂ ಉಳಿದಿಲ್ಲ. ಕನ್ನಡ ಸಿನಿಮಾ ಮೊದಲ ಸಲ ಬಾಯಿ ತೆರೆದು ಹಾಡಿದ್ದು ಹೇಗಿತ್ತು ಅಂತ ಕೇಳುವ ದಾರಿ ಮುಚ್ಚಿಹೋಯಿತು. ಅದು 30ರ ದಶಕ, ಯಾರಿಗೂ ತಿಳಿವಳಿಕೆ ಇರಲಿಲ್ಲ ಅನ್ನೋಣ. ನಿಮ್ಮ ಗೋದಾಮಿನಲ್ಲಿ ಇರುವ 70, 80ರ ದಶಕದ, ದೊಡ್ಡ ಗಾಲಿಗೆ ಸುತ್ತಿದ ಸ್ಪೂಲ್ ಟೇಪುಗಳಿಗೆ ಆ ನೆಪ ಇಲ್ಲ.

ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ತುಕ್ಕಿನಂಥ ಪುಡಿ. ಹಾಡು ಇರುವುದು ಆ ಪುಡಿಯಲ್ಲಿ. ಆ ಕಾಲದ ಎಷ್ಟೋ ಟೇಪುಗಳ ಅಂಟು ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ. ಆಮೇಲೆ ಆಡಿಸಿದರೆ ಕೀಚ್ ಅನ್ನುತ್ತಾ ಪುಡಿಯೆಲ್ಲ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂದರೆ ಹಾಡನ್ನು ಕೇಳಿದ್ದೇ ಅದನ್ನು ಅಳಿಸಿದ ಹಾಗೆ. ಸಕಲೇಶಪುರದ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳ ಜೊತೆ ಬಾಳಿದವನಿಗೆ ಇದು ಹೊಸದಲ್ಲ. ಇದಕ್ಕೆ ಮದ್ದು ಇದೆ. ಐವತ್ತು ಐವತ್ತೈದು ಡಿಗ್ರಿಯ ಹದವಾದ ಶಾಖದಲ್ಲಿ ಟೇಪನ್ನು ಗಂಟೆಗಟ್ಟಲೆ ಇಟ್ಟರೆ ಅಂಟು ಸ್ವಲ್ಪ ದಿನಕ್ಕೆ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಆಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಗೊತ್ತಿದ್ದವರು ಮಾಡಬೇಕು, ಬೇಗ ಮಾಡಬೇಕು.

ಬಹಳ ದಿನ ಸುತ್ತಿಟ್ಟ ಟೇಪಿನಲ್ಲಿ ಇನ್ನೊಂದು ವಿಚಿತ್ರ ಆಗುತ್ತದೆ. ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಸಣ್ಣಗೆ ಅಂಟಿಕೊಳ್ಳುತ್ತದೆ. ಹಾಡು ಶುರುವಾಗುವುದಕ್ಕೆ ಒಂದೆರಡು ಕ್ಷಣ ಮುಂಚೆಯೇ ಜಾನಕಮ್ಮನವರ ದನಿ ದೂರದಿಂದ, ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ರಾತ್ರಿ ಹತ್ತು ಗಂಟೆ, ಅಂಗಡಿಯಲ್ಲಿ ನಾನೊಬ್ಬನೇ. ಬಾಗಿಲು ಹಾಕಿ ಮನೆಗೆ ಹೋಗಿಬಿಟ್ಟೆ.

ಅಂಗಡಿ ಮುಚ್ಚುವ ವರ್ಷ ಯಾರಿಗೂ ಕ್ಯಾಸೆಟ್ ಬೇಡವಾಗಿತ್ತು. ಉಳಿದ ಒಂದು ಮೂಟೆಯನ್ನು ಪರಿಚಯದ ರೈತರೊಬ್ಬರು ಕೇಳಿ ತೆಗೆದುಕೊಂಡು ಹೋದರು. ಟೇಪು ಬಿಚ್ಚಿ ಗದ್ದೆಯಲ್ಲಿ ಗೂಟದಿಂದ ಗೂಟಕ್ಕೆ ಕಟ್ಟಿದರು. ಗಾಳಿಗೆ ಗುಂಯ್ ಅಂತ ಸದ್ದು ಬರುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಗುಬ್ಬಿ ಬರುವುದಿಲ್ಲ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಯಾವ ಹಾಡು ಯಾವ ಗೂಟದಲ್ಲಿದೆಯೋ ಅಂದುಕೊಳ್ಳುತ್ತಿದ್ದೆ. ಅವು ನಕಲು, ಹೋದರೆ ಹೋಗಲಿ. ಮೂಲ ನಿಮ್ಮ ಹತ್ತಿರ ಇದೆ ಅನ್ನುವ ನಂಬಿಕೆ ಮೇಲೆ ಹಾಗೆ ಅಂದುಕೊಂಡೆ.

ಒಂದು ಲೆಕ್ಕ ಮಾಡಿ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. 1960ರಲ್ಲಿ ಬಂದ ರೆಕಾರ್ಡು 2020ರ ಕೊನೆಗೆ ಎಲ್ಲರದ್ದಾಯಿತು. ‘ಎರಡು ಕನಸು’ 2034ರ ಕೊನೆಗೆ ಆಗುತ್ತದೆ. ಮಾತು, ಟ್ಯೂನಿನ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಉದಯಶಂಕರ್ ಹೋಗಿದ್ದು 1993ರಲ್ಲಿ, ಹಾಗಾಗಿ ಅವರ ಸಾಲುಗಳು 2053ರವರೆಗೆ ಅವರ ಮನೆಯವರ ಮತ್ತು ನಿಮ್ಮಂಥವರ ಲೆಕ್ಕದಲ್ಲೇ ಇರುತ್ತವೆ. ಆದರೆ ರೆಕಾರ್ಡಿಂಗ್ ಇನ್ನು ಕೆಲವೇ ವರ್ಷದಲ್ಲಿ ಊರಿನ ಸ್ವತ್ತು. ಹಕ್ಕು ಮುಗಿಯುವ ಹೊತ್ತಿಗೆ ಟೇಪೇ ಮುಗಿದಿದ್ದರೆ ಊರಿಗೆ ಏನು ಬರುತ್ತದೆ? ನೀವು ಎಂದೋ ಸಣ್ಣದು ಮಾಡಿ, ಅಂಚು ಕತ್ತರಿಸಿ, ತಪ್ಪು ಹೆಸರು ಅಂಟಿಸಿದ ಮೊಬೈಲ್ ಫೈಲು.

ಕೇಳುವುದು ಇಷ್ಟು. ನಿಮ್ಮ ಗೋದಾಮಿನಲ್ಲಿ ಯಾವ ಸಿನಿಮಾದ ಮೂಲ ಟೇಪು ಇದೆ, ಯಾವುದು ಇಲ್ಲ ಅನ್ನುವ ಪಟ್ಟಿಯನ್ನು ಹೊರಗೆ ಹಾಕಿ. ಇಲ್ಲದ್ದನ್ನು ಇಲ್ಲ ಅಂತ ಬರೆಯೋಕೆ ನಾಚಬೇಡಿ. ಯಾರದೋ ಅಟ್ಟದ ಮೇಲೆ ಆ ಹಾಡಿನ ಒಳ್ಳೆಯ ರೆಕಾರ್ಡು ಇರಬಹುದು, ಕೇಳಿದರೆ ತಂದುಕೊಡುತ್ತಾರೆ. ಇದ್ದದ್ದನ್ನು ಪೂರ್ತಿ ಗುಣಮಟ್ಟದಲ್ಲಿ ಇಳಿಸಿ ಎರಡು ಊರಿನಲ್ಲಿ ಇಡಿ. ಆ್ಯಪಿನವರು ಹೆಸರುಗಳನ್ನು ಕನ್ನಡದಲ್ಲೂ ಹಾಕಲಿ, ಆಗ ‘ಚಿ’ಗೆ ಚುಕ್ಕೆ ಇದೆಯೋ ಇಲ್ಲವೋ ಅನ್ನುವ ಗೊಂದಲ ಅರ್ಧ ಕಡಿಮೆಯಾಗುತ್ತದೆ. ರೀಲ್ಸ್ ಮಾಡುವ ಹುಡುಗಿ ಮೂವತ್ತು ಸೆಕೆಂಡಿನ ತುಣುಕು ಆರಿಸಿಕೊಂಡಾಗಲೂ ಅದರ ಕೆಳಗೆ ಚಿತ್ರ, ಇಸವಿ, ಬರೆದವರು, ಸಂಗೀತ, ಹಾಡಿದವರು ಅಷ್ಟೂ ಬರಲಿ. ರೇಡಿಯೋದವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದ ಸಾಲು ಅದು.

ಹೆಸರುಗಳನ್ನು ಈಗ ಎಲ್ಲಿಂದ ಹುಡುಕೋಣ, ಅಷ್ಟು ಕೆಲಸಕ್ಕೆ ಜನ ಎಲ್ಲಿ ಅಂತ ನೀವು ಹೇಳಬಹುದು. ನನ್ನ ಹನ್ನೊಂದು ನೋಟ್‌ಬುಕ್ ಇನ್ನೂ ಇವೆ. ಏಳನೆಯದಕ್ಕೆ ಮಾತ್ರ ಇಲಿ ಒಂದು ಮೂಲೆ ತಿಂದಿದೆ, ‘ಸ’ದಿಂದ ಶುರುವಾಗುವ ಕೆಲವು ಸಿನಿಮಾ ಹೋಗಿವೆ. ಉಳಿದದ್ದು ಚೆನ್ನಾಗಿದೆ. ದುಡ್ಡು ಬೇಡ, ಹಳೇ ಬಾಕಿ ಅಂದುಕೊಳ್ಳಿ. ಯಾರನ್ನಾದರೂ ಕಳಿಸಿ, ಕಾಫಿ ಕೊಟ್ಟು ಕೈಗೆ ಕೊಡುತ್ತೇನೆ. ಜೂನ್ ಒಳಗೆ ಬಂದರೆ ಒಳ್ಳೆಯದು. ನಮ್ಮ ಮನೆಯ ಮಾಳಿಗೆಯೂ ಸೋರುತ್ತದೆ.

ಇಂತಿ ನಿಮ್ಮ,
ಹಳೇ ಕ್ಯಾಸೆಟ್ ಅಂಗಡಿಯವನು
ಸಕಲೇಶಪುರ